ಸೋಮವಾರ ಉಸಿರು ಕಟ್ಟುತ್ತಿದ್ದ ಕಾರು

"ಅಕ್ಕಾರ, ಗಾಡಿಗೆ ಏನೂ ಆಗಿಲ್ರಿ. ನೀವು ಕ್ಲಚ್ ಮ್ಯಾಲ ಕಾಲ ಇಟ್ಕೊಂಡ ಹೊಡೀತೀರಿ, ಅದಕ್ಕ ಗಾಡಿ ಎಳಿಯಂಗಿಲ್ಲ."

ಈ ಒಂದು ಮಾತು ಆಡಿ ನಾನು ಮೂರು ವಾರಕ್ಕೂ ಹೆಚ್ಚು ಪೇಚಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಶಾಲೆಯಲ್ಲಿ ಹತ್ತು ಸಲ ಬರೆಸಿದ್ದರು. ಬರೆದದ್ದು ಕೈಗೆ ಹತ್ತಿತು, ನಾಲಿಗೆಗೆ ಹತ್ತಲಿಲ್ಲ. ರಮ್ಜಾನ್ ತಿಂಗಳು, ಬಿಸಿಲಿನ ದಿನ, ರೋಜಾದ ಸಂಜೆ ನಾಲ್ಕು ಗಂಟೆ. ಆ ಹೊತ್ತಿಗೆ ನನ್ನ ಸಿಟ್ಟು ಮೂಗಿನ ತುದಿಗೆ ಬಂದು ಕೂತಿರುತ್ತದೆ. ಇದು ನೆಪವಲ್ಲ. ನನ್ನಷ್ಟೇ ಹಸಿದವರು ಊರ ತುಂಬ ಇದ್ದರು, ಅವರೆಲ್ಲ ಗಿರಾಕಿಗಳಿಗೆ ಹೀಗೆ ಅಂದಿರಲಿಕ್ಕಿಲ್ಲ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದು ಎರಡು ಗಾಡಿ ನಿಲ್ಲುವಷ್ಟು ಗ್ಯಾರೇಜು. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಮ್ಮ ಅಬ್ಬಾ ಕೂತಿರುತ್ತಾರೆ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಕಾರ್ಬುರೇಟರ್ ಬಿಚ್ಚಿ ಕಟ್ಟಿಯೇ ಮನೆ ನಡೆಸಿದವರು. ಕೈ ನಡುಗುತ್ತದೆಂದು ಈಗ ಪಾನಾ, ಸ್ಪ್ಯಾನರ್ ಮುಟ್ಟುವುದಿಲ್ಲ. ಆದರೆ ಅವರ ಅಭಿಪ್ರಾಯಗಳಿಗೆ ಇನ್ನೂ ನಡುಕ ಬಂದಿಲ್ಲ.

ನಾನು 'ಅಕ್ಕಾರ' ಎಂದು ಕರೆದ ಅಕ್ಕೋರು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಶಿಕ್ಷಕಿ. ಮನೆ ತಿಕೋಟಾದಲ್ಲಿ. ಅಲ್ಲಿಂದ ಬಬಲೇಶ್ವರಕ್ಕೆ ಒಳರಸ್ತೆ ಇದ್ದರೂ ಅವರ ಹೊತ್ತಿಗೆ ಸರಿಯಾದ ಬಸ್ಸಿಲ್ಲ. ವಿಜಯಪುರಕ್ಕೆ ಬಂದು, ಇನ್ನೊಂದು ಬಸ್ಸು ಹಿಡಿದು ಹೋಗಬೇಕು. ಅದಕ್ಕೆಂದೇ ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದರು. ಅವರ ಯಜಮಾನರು ದ್ರಾಕ್ಷಿ ಬೆಳೆಗಾರರು, ಸ್ವಂತ ಶೆಡ್ಡಿನಲ್ಲಿ ಒಣದ್ರಾಕ್ಷಿ, ನಮ್ಮ ಕಡೆಯ ಮಾತಿನಲ್ಲಿ ಮನೂಕ, ಮಾಡುತ್ತಾರೆ. ಟ್ರ್ಯಾಕ್ಟರನ್ನು ಕಣ್ಣು ಮುಚ್ಚಿ ಹೊಡೆಯಬಲ್ಲ ಆಸಾಮಿ, ಕಾರಿನ ಸ್ಟೇರಿಂಗ್ ಮುಟ್ಟಿದವರಲ್ಲ. ಕಾರು ಹೇಗೆ ಹೊಡೆಯಬೇಕು ಎಂದು ಪಕ್ಕದಲ್ಲಿ ಕೂತು ಹೇಳುವುದಕ್ಕೆ ಮಾತ್ರ ಅದು ಅಡ್ಡಿ ಬಂದಿರಲಿಲ್ಲ.

ಮೊದಲ ಸಲ ಇಬ್ಬರೂ ಬಂದಿದ್ದರು. "ಊರಾಗ ಛಲೋ ಹೊಕ್ಕೈತ್ರಿ. ತಿಕೋಟಾ ದಾಟಿ ಏರ ಹತ್ತೂ ಮುಂದ ಉಸುರ ಕಟ್ಟಿದಂಗ ಮಾಡ್ತೈತಿ. ಎಷ್ಟ ಎಕ್ಸಲೇಟರ್ ಒತ್ತಿದ್ರೂ ಎಳಿಯಂಗಿಲ್ಲ" ಎಂದರು ಅಕ್ಕೋರು. ನಾನು ಸ್ಕ್ಯಾನರ್ ಚುಚ್ಚಿದೆ. ದೋಷದ ಕೋಡ್ ಯಾವುದೂ ಇರಲಿಲ್ಲ. ಇಲ್ಲ ಎಂದ ಕೂಡಲೇ ಸ್ಕ್ಯಾನರ್ ಮುಚ್ಚಿಟ್ಟೆ, ಅದು ನನ್ನ ಮೊದಲ ಸೋಮಾರಿತನ. ಏರ್ ಫಿಲ್ಟರ್ ಡಬ್ಬಿ ತೆರೆದೆ. ಒಳಗೆ ಹೊಚ್ಚ ಹೊಸ ಫಿಲ್ಟರ್, ಮಡಿಕೆ ಬಿಚ್ಚದ ಇಸ್ತ್ರಿ ಅಂಗಿಯ ಹಾಗಿತ್ತು. ಪ್ಲಗ್ ಬದಲಿಸಿದೆ, ಥ್ರಾಟಲ್ ಒರೆಸಿದೆ, ಸೊಲ್ಲಾಪುರ ರಸ್ತೆಯ ಸಪಾಟಿನಲ್ಲಿ ಎರಡು ಸುತ್ತು ಹೊಡೆದೆ. ಗಾಡಿ ಬೆಣ್ಣೆಯಂತೆ ಓಡಿತು. ಬಂದು ಇಳಿದವನೇ ಆ ಕ್ಲಚ್ಚಿನ ಮಾತು ಆಡಿದೆ.

ಯಜಮಾನರ ಮುಖ ಅರಳಿತು. "ನಾ ಹೇಳಿದ್ದಿಲ್ಲೇನು? ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ಮಿಸ್ತ್ರೀನ ಹೇಳ್ಯಾನ ನೋಡೀಗ."

ಅಕ್ಕೋರು ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ಲೆಕ್ಕದ ಉತ್ತರ ಬರೆದು ಮಾಡಿದ ರೀತಿ ಬರೆಯದ ಹುಡುಗನನ್ನು ನೋಡುವ ನೋಟ ಅದು.

ಒಂಬತ್ತು ದಿನದ ಮೇಲೆ, ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ ಅಕ್ಕೋರು ಒಬ್ಬರೇ ಬಂದರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್. ಅದರಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದರು: ವಾರ, ಎಷ್ಟನೇ ಕಿಲೋಮೀಟರಿಗೆ, ಯಾವ ಗೇರು, ಸ್ಪೀಡ್ ಎಷ್ಟು, ಕ್ಲಚ್ ಮೇಲೆ ಕಾಲು ಇತ್ತೋ ಇಲ್ಲವೋ. ಕೊನೆಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ 'ಇಲ್ಲ, ಇಲ್ಲ, ಇಲ್ಲ'.

"ಇದನ್ನ ಓದ್ರಿ ಮಿಸ್ತ್ರಿ. ಆಮ್ಯಾಲ ನನ್ನ ಕಾಲಿನ ಬಗ್ಗೆ ಮಾತಾಡ್ರಿ."

ಓದಿದೆ. ಸೋಮವಾರ ಏಳು ಸಲ ಉಸಿರು ಕಟ್ಟಿತ್ತು. ಮಂಗಳವಾರ ಆರು. ಹಾಗೇ ಇಳಿಯುತ್ತ ಬಂದು ಶನಿವಾರ ಎರಡು.

"ಅಲ್ರಿ ಅಕ್ಕಾರ, ಗಾಡಿಗೆ ವಾರ ಗೊತ್ತಿರ್ತೈತೇನ್ರಿ?" ಎಂದು ನಕ್ಕೆ.

"ನಮ್ಮನಿಯವರೂ ಹಿಂಗ ನಗ್ತಾರ. ರವಿವಾರ ಸೂಟಿ, ಗಾಡಿ ಹೊಡ್ಯಾಂಗಿಲ್ಲ, ಅದಕ್ಕ ಸೋಮಾರ ನಿನಗ ಕಾಲ ಮರತಿರ್ತಾವು ಅಂತಾರ." ಅಲ್ಲಿಯ ತನಕ ಗಟ್ಟಿಯಾಗಿದ್ದ ಅವರ ದನಿ ಇಳಿಯಿತು. "ಗಾಡಿ ಮಾರಾಕ ನಿಂತಾರ್ರಿ. ಇನ್ನ ಎರಡ ವಾರಕ್ಕ ಒಬ್ಬ ಗಿರಾಕಿ ನೋಡಾಕ ಬರ್ತಾನ. ಮಿಸ್ತ್ರೀನ ಹೇಳ್ಯಾನ, ನಿನಗ ಬರಂಗಿಲ್ಲ ಅಂತ, ಅಂದ ಮ್ಯಾಲ ಯಾಕ ಇಟ್ಕೋಬೇಕು ಅಂತಾರ. ಮುಂಜಾನಿ ಎಂಟಕ್ಕ ಹತ್ತನೇತ್ತಾ ಹುಡುಗೂರಿಗೆ ಸ್ಪೆಷಲ್ ಕ್ಲಾಸ್ ಐತಿ. ಪರೀಕ್ಷಾ ಮುಂದ ಐತಿ. ಬಸ್ಸಿನ್ಯಾಗ ಹೋದ್ರ ಹತ್ತಕ್ಕ ಮುಟ್ತೇನಿ."

ನನಗೆ ಬಹಳ ಕೆಟ್ಟೆನಿಸಿತು. ಗಾಡಿ ರಿಪೇರಿಯಾಗದೆ ಹೋಗಿದ್ದರೆ ಇಷ್ಟು ಕೆಟ್ಟೆನಿಸುತ್ತಿರಲಿಲ್ಲ. ನನ್ನ ಬಾಯಿಂದ ಬಿದ್ದ ಮಾತು ಮತ್ತೊಬ್ಬರ ಕೈಯಲ್ಲಿ ಬೆತ್ತವಾಗಿತ್ತು. ಆ ಕ್ಷಣವೇ ಸ್ಕ್ಯಾನರ್ ತೆಗೆದುಕೊಂಡು ಅವರ ಪಕ್ಕದ ಸೀಟಿನಲ್ಲಿ ಕೂತೆ. "ನಡೀರಿ ಅಕ್ಕಾರ, ಎಲ್ಲಿ ಉಸುರ ಕಟ್ತೈತಿ ಅಲ್ಲೇ ಹೋಗೂಣು."

ತಿಕೋಟಾ ದಾಟಿ ಬಬಲೇಶ್ವರದ ಒಳರಸ್ತೆ ಹಿಡಿದೆವು. ಎರಡೂ ಕಡೆ ದ್ರಾಕ್ಷಿ ಪಡಗಳು, ನಡುನಡುವೆ ಹಸಿರು ಪರದೆ ಇಳಿಬಿಟ್ಟ ಒಣದ್ರಾಕ್ಷಿ ಶೆಡ್ಡುಗಳು. ನಾನು ಮೊದಲು ನೋಡಿದ್ದು ಅಕ್ಕೋರ ಎಡಗಾಲನ್ನು. ಗೇರು ಬದಲಿಸಿದ ತಕ್ಷಣ ಅದು ಪಕ್ಕಕ್ಕೆ ಹೋಗಿ ಶಿಸ್ತಾಗಿ ಕೂರುತ್ತಿತ್ತು. ಏರು ಬಂತು. ನಾಲ್ಕನೇ ಗೇರು, ಎಕ್ಸಲೇಟರ್ ಪೂರ್ತಿ. ಗಾಡಿ ಕೆಮ್ಮಿತು, ಮುಗ್ಗರಿಸಿತು. ನಾನು ಸ್ಕ್ಯಾನರಿನ ಅಂಕಿ ನೋಡುತ್ತಿದ್ದೆ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ಅಬ್ಬಾನ ಕಾಲದ ಕಾರ್ಬುರೇಟರಿನಲ್ಲಿ ಒಳಗೆ ನುಗ್ಗುವ ಗಾಳಿಯೇ ತನಗೆ ಬೇಕಾದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವುದು ಕಂಪ್ಯೂಟರ್. ಎಷ್ಟು ಚಿಮ್ಮಿಸಬೇಕು ಎನ್ನುವುದಕ್ಕೆ ಎಷ್ಟು ಗಾಳಿ ಬಂತು ಎಂದು ಅದಕ್ಕೆ ಗೊತ್ತಾಗಬೇಕು. ನಮ್ಮ ಕಡೆ ಓಡುವ ಬಹಳಷ್ಟು ಸಣ್ಣ ಕಾರುಗಳು ಒಳಗಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುತ್ತವೆ. ಅಕ್ಕೋರ ಗಾಡಿ ನೇರವಾಗಿ ಅಳೆಯುವ ಜಾತಿಯದು. ಫಿಲ್ಟರ್ ದಾಟಿ ಗಾಳಿ ಹೋಗುವ ಕೊಳವೆಯಲ್ಲಿ ಕೂದಲಿನಷ್ಟು ತೆಳ್ಳನೆಯ ತಂತಿ ಇರುತ್ತದೆ. ಕರೆಂಟು ಹರಿಸಿ ಅದನ್ನು ಸದಾ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದರೆ ತಂತಿ ತಣಿಯುತ್ತದೆ. ಮತ್ತೆ ಅಷ್ಟೇ ಬಿಸಿ ಮಾಡಲು ಹೆಚ್ಚು ಕರೆಂಟು ಬೇಕು. ಹೆಚ್ಚು ಕರೆಂಟು ಎಂದರೆ ಹೆಚ್ಚು ಗಾಳಿ. ಬಿಸಿ ಚಹಾವನ್ನು ಬಶಿಗೆ ಹಾಕಿ ಊದುವಾಗ ನಡೆಯುವುದೂ ಇದೇ. ಬರುವ ಗಾಳಿಯನ್ನು ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಅದು ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ.

ಆ ಏರಿನಲ್ಲಿ, ಆ ವೇಗಕ್ಕೆ, ಆ ಇಂಜಿನ್ನಿಗೆ ನಲವತ್ತೈದು ಗ್ರಾಮಿನ ಆಸುಪಾಸು ತೋರಿಸಬೇಕಿತ್ತು. ಮೂವತ್ನಾಲ್ಕು ತೋರಿಸುತ್ತಿತ್ತು. ಹೊಗೆ ಕೊಳವೆಯ ಕಡೆಯ ಇನ್ನೊಂದು ಸೆನ್ಸರು 'ಪೆಟ್ರೋಲ್ ಸಾಲುತ್ತಿಲ್ಲ' ಎಂದು ದೂರುತ್ತಲೇ ಇತ್ತು. ಕಂಪ್ಯೂಟರ್ ತನ್ನ ಲೆಕ್ಕದ ಮೇಲೆ ನೂರಕ್ಕೆ ಇಪ್ಪತ್ತೆರಡು ಪಾಲು ಹೆಚ್ಚಿಗೆ ಸುರಿಯಲು ಕಲಿತುಬಿಟ್ಟಿತ್ತು. ಆರೋಗ್ಯವಾದ ಗಾಡಿಯಲ್ಲಿ ಅದು ಐದರೊಳಗೆ ಇರುತ್ತದೆ. ಮೊದಲ ದಿನವೇ ಈ ಅಂಕಿ ನೋಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಗಾಡಿ ನಿಲ್ಲಿಸಲು ಹೇಳಿ, ಗಾಳಿ ಅಳೆಯುವ ಆ ತಂತಿಯ ಸೆನ್ಸರಿನ ವಾಯರ್ ಕಿತ್ತೆ. ಹಾಗೆ ಮಾಡಿದರೆ ಕಂಪ್ಯೂಟರ್ ಅದನ್ನು ನಂಬುವುದು ಬಿಟ್ಟು ತನ್ನ ಅಂದಾಜಿನ ಮೇಲೆ ಗಾಡಿ ಓಡಿಸುತ್ತದೆ. ಅಕ್ಕೋರು ಮತ್ತೆ ಅದೇ ಏರು ಹತ್ತಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಗಾಡಿ ಮಾತ್ರ ಒಂದೂ ಸಲ ಕೆಮ್ಮದೆ ಹತ್ತಿತು. ಸೆನ್ಸರು ಇದ್ದರೆ ಕುಂಟು, ಇಲ್ಲದಿದ್ದರೆ ಓಟ!

"ಅಂದ್ರ ಹಾಜರಿ ತಗೋಳಾವನ ಸುಳ್ಳ ಹಾಜರಿ ಬರಿಯಾಕತ್ತಾನ" ಎಂದರು ಅಕ್ಕೋರು. "ನೂರ ಹುಡುಗೂರು ಬಂದಿರ್ತಾವು, ಇವ ಎಪ್ಪತ್ತೈದು ಅಂತ ಬರೀತಾನ. ಅಡಗಿಯಾಕಿ ಎಪ್ಪತ್ತೈದು ಮಂದಿಗೆ ಅನ್ನ ಮಾಡ್ತಾಳ. ಬಿಸಿಯೂಟ ಸಾಲಂಗಿಲ್ಲ."

ಇಷ್ಟು ವರ್ಷ ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳಲು ನಾನು ಬೆವರು ಹರಿಸಿದ್ದೆ. ಅಕ್ಕೋರು ಮೂರು ಮಾತಿನಲ್ಲಿ ಮುಗಿಸಿದರು. ಅವತ್ತಿನಿಂದ ನಾನು ಎಲ್ಲರಿಗೂ ಬಿಸಿಯೂಟವನ್ನೇ ಬಡಿಸುತ್ತಿದ್ದೇನೆ.

ಗ್ಯಾರೇಜಿಗೆ ಹಿಂತಿರುಗಿ ಸೆನ್ಸರ್ ಬಿಚ್ಚಿ ದೀಪಕ್ಕೆ ಹಿಡಿದೆ. ತಂತಿಯ ಮೇಲೆ ಕಂದು ಬಣ್ಣದ ತೆಳು ಲೇಪ. ಅದನ್ನು ಬಟ್ಟೆಯಿಂದ ಒರೆಸಬಾರದು, ಬ್ರಷ್ ಮುಟ್ಟಿಸಬಾರದು, ಕಂಪ್ರೆಸರಿನಿಂದ ಹವಾ ಹೊಡೆಯಲೂಬಾರದು. ತಂತಿ ಹರಿದರೆ ಮುಗಿಯಿತು. ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು, ತಾನಾಗಿ ಒಣಗಲು ಬಿಟ್ಟು, ಜೋಡಿಸಿದೆ. ಫಿಲ್ಟರ್ ಅವತ್ತೂ ಹೊಚ್ಚ ಹೊಸದೇ ಇತ್ತು. ಗಾಡಿಯ ಕಾಳಜಿ ಮಾಡುವ ಮನೆ ಎಂದುಕೊಂಡೆ. ಅಕ್ಕೋರು ಮನೆ ಸೇರುವ ಮೊದಲು ಆ ಏರಿಗೆ ಹೋಗಿ ನೋಡಿ, ಫೋನ್ ಮಾಡಿ, "ಏರ ಹತ್ತಿದ್ದ ತಿಳೀಲಿಲ್ರಿ" ಎಂದು ನಕ್ಕರು. ನಾನು ಅವತ್ತು ಖರ್ಜೂರ ಎರಡು ಹೆಚ್ಚಿಗೆ ತಿಂದೆ.

ಸೋಮವಾರ ಒಂಬತ್ತಕ್ಕೆ ಶಾಲೆಯಿಂದ ಫೋನ್ ಬಂತು. ಒಂದೇ ಮಾತು. "ಒಂಬತ್ತ ಸಲ."

ಮಂಗಳವಾರ ಗಾಡಿ ಮತ್ತೆ ನನ್ನ ಮುಂದಿತ್ತು. ತಂತಿಯ ಮೇಲೆ ಮತ್ತೆ ಅದೇ ಲೇಪ. ಸೆನ್ಸರೇ ಹಾಳಾಗಿರಬೇಕೆಂದು, ಬೇರೆ ಗಾಡಿಯಿಂದ ಬಿಚ್ಚಿಟ್ಟಿದ್ದ, ಪಕ್ಕಾ ಚೆನ್ನಾಗಿದ್ದ ಇನ್ನೊಂದನ್ನು ಹಾಕಿಕೊಟ್ಟೆ. ಬುಧ, ಗುರು, ಶುಕ್ರ, ಶನಿ ನಾಲ್ಕೂ ದಿನ ಗಾಡಿ ಜಿಂಕೆ. ಮರು ಸೋಮವಾರ ಮತ್ತೆ ಫೋನ್. "ಹತ್ತ."

ಆ ಸಂಜೆ ಗಾಡಿ ತರಿಸಿಕೊಂಡು ಎಲ್ಲ ಹರವಿ ಕೂತೆ. ಕೊಳವೆಯಲ್ಲಿ ಸೋರಿಕೆ ಇದೆಯೋ ಎಂದು ಹೊಗೆ ಬಿಟ್ಟು ನೋಡಿದೆ, ಇಲ್ಲ. ಪೆಟ್ರೋಲ್ ಪಂಪಿನ ಒತ್ತಡ ಅಳೆದೆ, ಸರಿಯಿತ್ತು. ಫಿಲ್ಟರ್ ಡಬ್ಬಿಯ ತಳದಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ಸಿಕ್ಕಿತು ಎಂದುಕೊಂಡೆ: ಇಂಜಿನ್ನಿನ ಎಣ್ಣೆ ಆವಿಯಾಗಿ ಹಿಂದೆ ಬರುತ್ತಿರಬೇಕು. ಮರುದಿನವೆಲ್ಲ ಆ ಆವಿ ಬರುವ ಕೊಳವೆ, ಅದರ ವಾಲ್ವು ಬಿಚ್ಚಿ ನೋಡಿದೆ. ಒಳಗೆ ಒಣಒಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಅಬ್ಬಾ ಕುರ್ಚಿಯಿಂದ ಕರೆದರು. "ಬಾ ಇಲ್ಲಿ. ಬೆರಳ ತೋರಸು." ಮೂಸಿದರು. "ಇದು ಇಂಜಿನ್ ಎಣ್ಣಿ ಅಲ್ಲಪಾ. ಸುಟ್ಟ ವಾಸನಿನ ಇಲ್ಲ."

"ಮತ್ತೇನ್ ಅಬ್ಬಾ?"

"ನನಗೇನ್ ಗೊತ್ತು? ನಾ ಹಳೀ ಮಿಸ್ತ್ರಿ. ನಿಮ್ಮ ಮಶೀನಿಗೆ ಕೇಳು."

ಕೇಳಬೇಕಾಗಿ ಬರಲಿಲ್ಲ. ಡಬ್ಬಿ ಒರೆಸಿದ ಅರಿವೆಯನ್ನು ಬಕೆಟ್ಟಿನ ನೀರಿಗೆ ಅದ್ದಿದೆ. ಇಂಜಿನ್ ಎಣ್ಣೆಯಾಗಿದ್ದರೆ ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಇದು ತೇಲಲಿಲ್ಲ. ಅರಿವೆ ಹಿಂಡಿದಲ್ಲೆಲ್ಲ ನೀರು ಬೆಳ್ಳಗಾಯಿತು.

"ಮಜ್ಜಿಗಿ ಆತಲ್ಲೋ!" ಎಂದರು ಅಬ್ಬಾ.

ಆ ಬಿಳಿ ನೀರನ್ನು ನಾನು ನೋಡಿದ್ದೆ. ಈ ದಿನಗಳಲ್ಲಿ ತಿಕೋಟಾ ಕಡೆ ಯಾರ ಶೆಡ್ಡಿಗೆ ಹೋದರೂ ಇಂಥ ನೀರಿನ ಟ್ಯಾಂಕು ಇರುತ್ತದೆ. ದ್ರಾಕ್ಷಿ ಬೇಗ ಒಣಗಲಿ ಎಂದು ಅದನ್ನು ಒಂದು ಬಗೆಯ ಎಣ್ಣೆ, ಪುಡಿ ಕಲೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಡಿಪ್ಪಿಂಗ್ ಆಯಿಲ್ ಎನ್ನುತ್ತಾರೆ ಅದಕ್ಕೆ. ನೀರಿಗೆ ಬಿದ್ದರೆ ಹಾಲಿನಂತೆ ಬೆರೆಯುತ್ತದೆ. ಆದರೆ ದ್ರಾಕ್ಷಿಯ ಎಣ್ಣೆ ಕಾರಿನ ಮೂಗಿಗೆ ಹೋದದ್ದು ಹೇಗೆ? ಶೆಡ್ಡಿನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಾರೋ, ಸ್ಪ್ರೇ ಹೊಡೆಯುವಾಗ ಹಾರುತ್ತದೋ? ಹಾರಿದರೂ ಹೊಸ ಫಿಲ್ಟರಿನ ಮೇಲೆ ಒಂದು ಹನಿಯೂ ಇಲ್ಲವಲ್ಲ!

ಹೊಸ ಸೆನ್ಸರ್ ತರಿಸಿ ಹಾಕಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಅದು ಶನಿವಾರದ ತನಕ ಓಡುತ್ತಿತ್ತು ಕೂಡ. ನಾನು ಬೇರೆಯದೇ ನಿರ್ಧಾರ ಮಾಡಿದೆ. ಸತ್ತ ಸೆನ್ಸರುಗಳನ್ನು ಎಣಿಸುವುದು ಸಾಕು; ಗಾಡಿಯ ರವಿವಾರ ಹೇಗೆ ಕಳೆಯುತ್ತದೆ ಎಂದು ಕಣ್ಣಾರೆ ನೋಡಬೇಕು. ಅಕ್ಕೋರಿಗೂ ತಿಳಿಸಲಿಲ್ಲ. ತಿಳಿಸಿದರೆ ಮನೆಯಲ್ಲಿ ಹೇಳುತ್ತಾರೆ, ನೋಡಬೇಕಾದದ್ದು ನಡೆಯುವುದೇ ಇಲ್ಲ ಎಂದು ಯಾಕೋ ಅನಿಸಿತು. ಗಾಡಿ ಕೊಳ್ಳುವ ಗಿರಾಕಿ ಬರುವುದೂ ಅದೇ ರವಿವಾರವೇ ಇತ್ತು.

ಬೆಳಿಗ್ಗೆ ಎಂಟೂವರೆಗೆ ತಿಕೋಟಾ ಮುಟ್ಟಿದೆ. ಶೆಡ್ಡಿನಲ್ಲಿ ಹೆಣ್ಣುಮಕ್ಕಳು ದ್ರಾಕ್ಷಿ ಹರವುತ್ತಿದ್ದರು. ಅಂಗಳದಲ್ಲಿ ಕಾರು ತೊಳೆದು ನಿಂತಿತ್ತು, ಬಾನೆಟ್ ತೆರೆದಿತ್ತು. ಪಕ್ಕದಲ್ಲಿ ಯಜಮಾನರು ಮಣೆ ಹಾಕಿಕೊಂಡು ಕೂತಿದ್ದರು. ಮುಂದೊಂದು ಹಿಟ್ಟು ನಾದುವ ದೊಡ್ಡ ಪರಾತ. ಅದರಲ್ಲಿ ಏರ್ ಫಿಲ್ಟರ್. ಅವರು ಕ್ಯಾನಿನಿಂದ ಎಣ್ಣೆ ಸುರಿಯುತ್ತ, ಮಡಿಕೆ ಮಡಿಕೆಗೂ ಬೆರಳು ಆಡಿಸುತ್ತ, ಎಳೆಕೂಸಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚುತ್ತಿದ್ದರು.

"ಬಾ ತಮ್ಮಾ ಬಾ! ಛಲೋ ಹೊತ್ತಿಗಿ ಬಂದಿ. ಚಹಾ ಕುಡಿ." ನೆನಪಾಗಿ ನಾಲಿಗೆ ಕಚ್ಚಿಕೊಂಡರು. "ಅಯ್ಯ, ರೋಜಾ ಇರ್ತೀಯಲ್ಲ. ಹೋಗೂ ಮುಂದ ಮನೂಕ ಕಟ್ಟಿ ಕೊಡ್ತೇನಿ, ಸಂಜೀಗೆ ಬಿಡಾಕ ಆಗ್ತೈತಿ."

"ಅಣ್ಣಾರ, ಇದೇನ್ ಮಾಡಾಕತ್ತೀರಿ?"

"ಸರ್ವೀಸ್" ಎಂದರು ಹೆಮ್ಮೆಯಿಂದ. "ನಮ್ಮ ಟ್ರ್ಯಾಕ್ಟರಿಗೆ ಇಪ್ಪತ್ತ ವರ್ಷ ಆತು, ಏರ್ ಕ್ಲೀನರಿನ್ಯಾಗ ಎಣ್ಣಿ ಹಾಕೂದು ತಪ್ಪಿಸಿಲ್ಲ. ಒಂದ ದಿನಾ ಕೈ ಕೊಟ್ಟಿಲ್ಲ. ಎಣ್ಣಿ ಇದ್ರ ಧೂಳ ಅದಕ್ಕ ಅಂಟ್ತೈತಿ, ಒಳಗ ಹೋಗಂಗಿಲ್ಲ. ಈ ಕಾರ್ ಕಂಪನಿಯವ್ರು ಒಣಾ ಕಾಗದಾ ಇಟ್ಟಾರ, ಶ್ಯಾಣ್ಯಾರು! ಟ್ರ್ಯಾಕ್ಟರಿನ ಕರೀ ಎಣ್ಣಿ ಹಾಕಿದ್ರ ಹೊಲಸ ಕಾಣ್ತೈತಿ ಅಂತ ಇದನ್ನ ಹಾಕ್ತೇನಿ. ತಿನ್ನೂ ದ್ರಾಕ್ಷಿಗೆ ನಡೀತೈತಿ ಅಂದ್ರ ಗಾಡಿಗೆ ನಡ್ಯಾಂಗಿಲ್ಲೇನು?"

ನಾನು ಪರಾತದ ಮುಂದೆ ಕುಕ್ಕರಿಸಿ ಕೂತೆ. "ರವಿವಾರಕ್ಕೊಮ್ಮೆ ಹಾಕ್ತೀರೇನ್ರಿ?"

"ಪ್ರತಿ ರವಿವಾರ."

"ಮತ್ತ ನನ್ನ ಕಡೆ ಬಂದಾಗ ಹೊಸಾ ಫಿಲ್ಟರ್ ಇರ್ತಿತ್ತಲ್ರಿ?"

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಡಾಕ್ಟರ್ ಕಡೆ ಹೋಗೂ ಮುಂದ ಮಾರಿ ತೊಳ್ಕೊಂಡ ಹೋಗಂಗಿಲ್ಲೇನು? ಮಿಸ್ತ್ರಿ ಬಾನೆಟ್ ತಗದ ನೋಡ್ತಾನ, ನಾಕ ಮಂದಿ ನೋಡ್ತಾರ. ಹೊಸಾದು ಹಾಕಿ ಕಳಸ್ತೇನಿ. ಬಂದ ಮ್ಯಾಲ ತಗದ ಇಡ್ತೇನಿ. ದಿನಾ ಧೂಳಾಗ ಹಾಕಿದ್ರ ಹಾಳಾಗಿ ಹೋಗ್ತೈತಲ್ಲ!"

ಅಂಗಡಿಯ ಡಬ್ಬಿಯಲ್ಲೇ ಭದ್ರವಾಗಿ ಇಟ್ಟಿದ್ದ ಹೊಸ ಫಿಲ್ಟರನ್ನು ತಂದು ತೋರಿಸಿದರು. ಮದುವೆ ಮುಂಜಿಗೆ ಮಾತ್ರ ಉಡುವ ರೇಷ್ಮೆ ಧೋತರವನ್ನೂ ಅಷ್ಟು ಜೋಪಾನವಾಗಿ ಇಟ್ಟಿರಲಿಕ್ಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ರೋಜಾದಲ್ಲಿ ಅಷ್ಟು ನಕ್ಕು ಗಂಟಲು ಒಣಗಿಸಿಕೊಂಡದ್ದು ಅದೇ ಮೊದಲು. ಒಳಗಿನಿಂದ ಬಂದ ಅಕ್ಕೋರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖದಲ್ಲಿ ಸಿಟ್ಟು, ನಗು ಎರಡೂ ಜಗಳಾಡುತ್ತಿದ್ದವು.

"ಅಣ್ಣಾರ, ಟ್ರ್ಯಾಕ್ಟರಿಗೆ ನೀವು ಮಾಡೂದು ಹಂಡ್ರೆಡ್ ಪರ್ಸೆಂಟ್ ಸರಿ ಐತ್ರಿ" ಎಂದು ಸುರು ಮಾಡಿದೆ. ಅದು ನಿಜವೂ ಹೌದು; ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿ ಎಣ್ಣೆಯ ಮೇಲಿಂದಲೇ ಹಾಯಬೇಕು. "ಆದ್ರ ಅಲ್ಲಿ ಹವಾ ಅಳಿಯಾವ್ರು ಯಾರೂ ಇಲ್ಲ. ಇಲ್ಲಿ ಒಂದು ಬಿಸಿ ತಂತಿ ಐತಿ, ಹವಾ ಬಡದ್ರ ಅದಕ್ಕ ತಂಪ ಹತ್ತಬೇಕು. ನಿಮ್ಮ ಎಣ್ಣಿ ಹಾರಿ ಅದರ ಮ್ಯಾಲ ಕುಂದರ್ತೈತಿ, ಎಣ್ಣಿಗೆ ಧೂಳ ಹತ್ತತೈತಿ. ಕೌದಿ ಹೊಚ್ಚಿದಂಗ ಆಗ್ತೈತ್ರಿ. ಕೌದಿ ಹೊತ್ಕೊಂಡಾವಗ ಹವಾ ಎಷ್ಟ ಬಿಟ್ಟೈತಿ ಅಂತ ಹೆಂಗ ಗೊತ್ತಾಗ್ಬೇಕು? ಕಮ್ಮಿ ಐತಿ ಅಂತಾನ. ಪೆಟ್ರೋಲ್ ಕಮ್ಮಿ ಬೀಳ್ತೈತಿ. ಸೋಮಾರ ಎಣ್ಣಿ ಹಸಿ ಇರ್ತೈತಿ, ಬಾಳ ಹಾರ್ತೈತಿ, ಕಾಗದಾನೂ ತೊಯ್ದು ಹವಾ ತಡೀತೈತಿ. ಶನಿವಾರಕ್ಕ ಒಣಗಿ ಒಂದೀಟ ಸುಧಾರಸ್ತೈತಿ."

ಯಜಮಾನರು ಪರಾತ ನೋಡಿದರು, ಕಾರು ನೋಡಿದರು. ಹೆಂಡತಿಯನ್ನು ಮಾತ್ರ ನೋಡಲಿಲ್ಲ. "ಹಂಗಾದ್ರ ಆಕೀ ಕಾಲು?"

ಈ ಪ್ರಶ್ನೆಗೇ ನಾನು ಅಷ್ಟು ದೂರ ಬಂದಿದ್ದೆ. ಎದ್ದು ನಿಂತೆ. "ಅಕ್ಕಾರ ಕಾಲು ಸರಿ ಐತ್ರಿ. ನಾ ಪಕ್ಕದಾಗ ಕುಂತ ನೋಡೀನಿ. ಅವತ್ತ ನಾ ಗಾಡಿ ಸರಿ ನೋಡಲಾರದ ಬಾಯಿಗೆ ಬಂದಂಗ ಅಂದೆ. ತಪ್ಪ ನಂದು. ನಿಮ್ಮ ಮುಂದ ಅಂದಿದ್ದೆ, ನಿಮ್ಮ ಮುಂದ ಹೊಳ್ಳಿ ತಗೋತೇನಿ. ಅಕ್ಕಾರ, ಮನಸಿಗೆ ಹಚ್ಕೋಬ್ಯಾಡ್ರಿ."

ಅಕ್ಕೋರು ತಲೆಯಾಡಿಸಿದರು. "ಈಗ ಮಾಡಿದ ರೀತಿ ಬರದೀರಿ. ಪೂರ್ತಿ ಮಾರ್ಕ್ಸ್."

ಸೆನ್ಸರಿಗೆ ಸ್ಪ್ರೇ ಹೊಡೆದೆ, ಡಬ್ಬಿ ಒಣ ಅರಿವೆಯಿಂದ ಒರೆಸಿದೆ, ರೇಷ್ಮೆ ಧೋತರವನ್ನು, ಅಂದರೆ ಹೊಸ ಫಿಲ್ಟರನ್ನು, ಕೂರಿಸಿ ಬಾನೆಟ್ ಹಾಕುವಷ್ಟರಲ್ಲಿ ಗಿರಾಕಿ ಬಂದೇಬಿಟ್ಟ. ವಿಜಯಪುರದಿಂದ ಬಸ್ಸಿನಲ್ಲಿ ಬಂದ, ಕೈಯಲ್ಲೊಂದು ಚೀಲ ಹಿಡಿದ, ಮಾತು ಜಾಸ್ತಿಯ ಮನುಷ್ಯ. "ಗಾಡಿ ಏರಿಗೆ ಎಳಿಯಂಗಿಲ್ಲ ಅಂತ ಕೇಳೀನಿ, ನೋಡೇ ಬಿಡೂಣು" ಎಂದ. ಅಕ್ಕೋರು ಸ್ಟೇರಿಂಗ್ ಹಿಂದೆ ಕೂತರು, ಗಿರಾಕಿ ಪಕ್ಕಕ್ಕೆ, ನಾನು, ಯಜಮಾನರು ಹಿಂದೆ.

ಅದೇ ಏರು, ನಾಲ್ಕು ಜನ. ನಾನು ಸ್ಕ್ಯಾನರನ್ನು ಯಜಮಾನರ ತೊಡೆಯ ಮೇಲಿಟ್ಟಿದ್ದೆ. "ಈ ಅಂಕಿ ನಲವತ್ತರ ಮ್ಯಾಲ ಹೋಗ್ಬೇಕ್ರಿ." ಅಕ್ಕೋರು ಎಕ್ಸಲೇಟರ್ ಒತ್ತಿದರು. "ಮೂವತ್ತೆಂಟ... ನಲವತ್ತೊಂದ... ನಲವತ್ತನಾಕ!" ಯಜಮಾನರು ಹರಾಜು ಕೂಗಿದಂತೆ ಕೂಗುತ್ತಿದ್ದರು. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಗೇರು ಇಳಿಸಿ ಏರಿಸಿ, ಅಕ್ಕೋರು ಗಾಡಿಯನ್ನು ನೆತ್ತಿಗೆ ತಂದು ನಿಲ್ಲಿಸಿದರು. ಒಂದು ಕೆಮ್ಮಿಲ್ಲ.

ಎಡವಟ್ಟಾದದ್ದು ಅಲ್ಲಿಯೇ. ಗಿರಾಕಿಗೆ ಗಾಡಿ ಮನಸ್ಸಿಗೆ ಬಂದುಬಿಟ್ಟಿತು. ಮನೆಗೆ ಬರುವ ತನಕ ಹೊಗಳಿದ. ಅಂಗಳದಲ್ಲಿ ಇಳಿದು, "ಅಣ್ಣಾರ, ನೀವು ಹೇಳಿದ ರೇಟಿಗೆ ಮ್ಯಾಲ ಇನ್ನಷ್ಟ ಕೊಡ್ತೇನಿ, ಇವತ್ತ ಒಯ್ತೇನಿ" ಎಂದು ಚೀಲಕ್ಕೆ ಕೈ ಹಾಕಿದ. ಕೆಟ್ಟ ಗಾಡಿಯಾಗಿದ್ದರೆ ಅವನು ತಿರುಗಿ ಹೋಗುತ್ತಿದ್ದ. ನಾನು ರಿಪೇರಿ ಮಾಡಿ ಅಕ್ಕೋರ ಗಾಡಿ ಕಳೆದೆನೇ? ಅಕ್ಕೋರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಗಂಡನ ಕಡೆ ನೋಡಲಿಲ್ಲ.

ಯಜಮಾನರು ಹೆಗಲ ಮೇಲಿನ ಟವೆಲ್ಲಿನಿಂದ ಎಣ್ಣೆಯ ಕೈ ಒರೆಸಿಕೊಂಡರು. ಒಂದು ಕೈ ಆಯಿತು, ಇನ್ನೊಂದು ಕೈ ಆಯಿತು. ಮತ್ತೆ ಮೊದಲನೆಯದನ್ನೇ ಒರೆಸತೊಡಗಿದರು.

"ನನಗ್ಯಾಕ ಕೇಳ್ತೀರಿ?" ಎಂದರು ಕೊನೆಗೆ. "ಗಾಡಿ ಹೊಡಿಯಾಕಿ ಅಲ್ಲಿ ನಿಂತಾಳ. ಆಕೀನ್ನ ಕೇಳ್ರಿ."

ಗಿರಾಕಿ ತಿರುಗಿದ. ಅಕ್ಕೋರು ತಡಮಾಡಲಿಲ್ಲ. "ಕೊಡಂಗಿಲ್ರಿ. ನಿಮಗ ಸುಮ್ಮ ತ್ರಾಸ ಆತು. ಬರ್ರಿ, ಕುಂದರ್ರಿ, ಬಸ್ ಸ್ಟ್ಯಾಂಡ್ ತನಕ ಬಿಟ್ಟ ಬರ್ತೇನಿ."

ಪಾಪ, ಕೊಳ್ಳಲು ಬಂದ ಗಾಡಿಯಲ್ಲಿಯೇ ಅವನು ಹಿಂದಿರುಗಬೇಕಾಯಿತು. ಅಕ್ಕೋರು ಶೆಡ್ಡಿಗೂ ಟ್ಯಾಂಕಿಗೂ ನಡುವಿನ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸಿ ರಸ್ತೆಯ ಕಡೆ ಹೊರಟರು. ಯಜಮಾನರು ನನ್ನ ಪಕ್ಕ ನಿಂತು ನೋಡುತ್ತಿದ್ದರು.

"ಹೊಡಿಯೂದು ಛಲೋ ಹೊಡೀತಾಳಲ್ಲೋ ತಮ್ಮಾ" ಎಂದರು ಮೆಲ್ಲಗೆ.

"ನನಗ ಹೇಳಿದ್ರ ಏನ್ ಬಂತ್ರಿ ಅಣ್ಣಾರ? ಅಕ್ಕಾರಿಗೆ ಹೇಳ್ರಿ."

ಗಾಡಿ ಅಷ್ಟರಲ್ಲಿ ಗೇಟು ದಾಟುತ್ತಿತ್ತು. ಅವರು ಎರಡೂ ಕೈ ಬಾಯಿಗೆ ಹಿಡಿದು, ಹೊಲದಾಚೆಯ ಆಳನ್ನು ಕರೆಯುವ ದನಿಯಲ್ಲಿ ಕೂಗಿದರು. "ಏ, ಕೇಳಿಲ್ಲಿ! ಗಾಡಿ ಛಲೋ ಹೊಡೀತಿ ನೀ!"

ದ್ರಾಕ್ಷಿ ಹರವುತ್ತಿದ್ದ ಹೆಣ್ಣುಮಕ್ಕಳೆಲ್ಲ ಕೈ ನಿಲ್ಲಿಸಿ ತಿರುಗಿದರು. ಗೇಟಿನ ಆಚೆ ಬ್ರೇಕಿನ ಕೆಂಪು ದೀಪ ಹತ್ತಿತು. ಗಾಡಿ ನಿಂತಿತು. ಆಮೇಲೆ ಹಿಂದಕ್ಕೆ ಹೊರಟಿತು. ಗೇಟಿಗೆ ತಾಗದೆ, ಟ್ಯಾಂಕಿಗೆ ತಾಗದೆ, ಒಂದೇ ಗೆರೆಯಲ್ಲಿ ರಿವರ್ಸ್ ಬಂದು ನಮ್ಮ ಮುಂದೆಯೇ ನಿಂತಿತು. ಕಿಟಕಿಯ ಗಾಜು ಇಳಿಯಿತು.

"ಕೇಳಸಲಿಲ್ಲ" ಎಂದರು ಅಕ್ಕೋರು. "ಇನ್ನೊಂದ ಸಲ ಹೇಳ್ರಿ."

ಯಜಮಾನರು ಶೆಡ್ಡಿನ ಕಡೆ ನೋಡಿದರು. ಎಲ್ಲರೂ ಕಾಯುತ್ತಿದ್ದರು. ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಹೇಳಿದರು.